ಹದಿನಾರಾಣೆಯ ಲೆಕ್ಕ, ನೂರು ಪೈಸೆಯ ತೊಡಕು: ಗಣಕಯಂತ್ರದ ತೇಲುಬಿಂದು ಸಂಖ್ಯೆಗಳು

ಕೂಡುವ ಕಳೆಯುವ ಕೆಲಸ ಗಣಕಯಂತ್ರಕ್ಕೆ ನೀರು ಕುಡಿದಷ್ಟು ಸುಲಭವೆಂಬುದು ಸಾರ್ವತ್ರಿಕವಾದ ನಂಬಿಕೆ. ಆ ನಂಬಿಕೆಯಿಂದಲೇ ಸಂಘಸಂಸ್ಥೆಗಳ ಜಮಾಖರ್ಚು, ಶಾಲೆಗಳ ಅಂಕಪಟ್ಟಿ, ಅಂಗಡಿಯ ಬಿಲ್ಲು, ಎಂಜಿನಿಯರರ ವಿನ್ಯಾಸ ಎಲ್ಲವೂ ಇಂದು ಅದರ ವಶವಾಗಿವೆ. ಹೀಗಿರುವಾಗ ಪೈಥಾನ್ ಎಂಬ ಜನಪ್ರಿಯ ಗಣಕಭಾಷೆಯಲ್ಲಿ 0.1 ಮತ್ತು 0.2ನ್ನು ಕೂಡಿಸಲು ಹೇಳಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಮ್ಯಾಟ್‌ಲ್ಯಾಬ್ ತಂತ್ರಾಂಶವನ್ನು ‘0.1 ಮತ್ತು 0.2ರ ಮೊತ್ತ 0.3ಕ್ಕೆ ಸಮವೇ?’ ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಮ್ಯಾಥಮ್ಯಾಟಿಕಾ ತಂತ್ರಾಂಶವನ್ನು ಅದೇ ಪ್ರಶ್ನೆ ಕೇಳಿದರೆ ‘ಹೌದು’ ಎನ್ನುತ್ತದೆ. ಪೈ ಕೋನದ ಸೈನ್ ಬೆಲೆ ಸೊನ್ನೆಯೆಂದು ಪ್ರೌಢಶಾಲೆ ದಾಟಿದವರೆಲ್ಲ ಬಲ್ಲರು. ಮ್ಯಾಟ್‌ಲ್ಯಾಬಿನ ಪ್ರಕಾರ ಅದು 0.00000000000000012246.

ಇದನ್ನು ಮೊದಲ ಬಾರಿಗೆ ಕಂಡವರಲ್ಲಿ ಕೆಲವರು ತಂತ್ರಾಂಶ ಕೆಟ್ಟಿದೆಯೆಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಇಷ್ಟು ಸಣ್ಣ ವ್ಯತ್ಯಾಸದಿಂದ ಆಗುವುದೇನು ಎಂದು ಕೈಬಿಡುತ್ತಾರೆ. ಎರಡೂ ಸರಿಯಲ್ಲ. ಮೇಲಿನ ಉತ್ತರಗಳಲ್ಲಿ ಒಂದೂ ತಪ್ಪು ಲೆಕ್ಕವಲ್ಲ. ಪ್ರತಿಯೊಂದೂ ನಾವು ಕೇಳಿದ ಪ್ರಶ್ನೆಗಿಂತ ಕೂದಲೆಳೆಯಷ್ಟು ಬೇರೆಯಾದ ಪ್ರಶ್ನೆಯೊಂದಕ್ಕೆ ಸರಿಯಾದ ಉತ್ತರ. ಆ ಬೇರೆ ಪ್ರಶ್ನೆ ಯಾವುದೆಂಬುದನ್ನು ತಿಳಿದರೆ ಗೊಂದಲದ ಬಹುಭಾಗ ತಾನಾಗಿ ಕರಗುತ್ತದೆ. ಕನ್ನಡಿಗರಿಗೆ ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ನಮ್ಮ ಹಳೆಯ ನಾಣ್ಯಗಳಿಂದಲೇ ಆರಂಭಿಸಬಹುದು.

ವೀಸ, ಆಣೆ ಮತ್ತು ನಯಾಪೈಸೆ

ಕನ್ನಡದ ಶಾಸನಗಳನ್ನು ಓದಿದವರಿಗೆ ಹಾಗ, ಬೇಳೆ, ವೀಸ, ಕಾಣಿ ಎಂಬ ಹೆಸರುಗಳು ಪರಿಚಿತ. ಹಾಗವೆಂದರೆ ಪಣದ ಕಾಲುಭಾಗ, ಬೇಳೆ ಎಂಟನೆಯ ಒಂದು ಭಾಗ, ವೀಸ ಹದಿನಾರನೆಯ ಒಂದು ಭಾಗ, ಕಾಣಿ ಅರವತ್ತನಾಲ್ಕನೆಯ ಒಂದು ಭಾಗ. ಆಂಧ್ರದಲ್ಲಿಯೂ ವೀಸಂ, ಕಾಣಿ ಎಂಬ ಇದೇ ಪದಗಳು ಇದೇ ಅರ್ಥದಲ್ಲಿ ನಡೆದುಬಂದಿವೆ. ಬ್ರಿಟಿಷರ ಕಾಲದ ರೂಪಾಯಿಗೂ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಒಂದು ವಸ್ತುವನ್ನು ಎರಡು ಸಮಪಾಲು ಮಾಡಿ, ಪಾಲನ್ನು ಮತ್ತೆ ಎರಡು ಮಾಡಿ, ಹೀಗೆಯೇ ಮುಂದುವರಿದರೆ ಸಿಕ್ಕುವ ಭಿನ್ನರಾಶಿಗಳಿವು. ತಕ್ಕಡಿಯೊಂದಿದ್ದರೆ ಸಾಕು, ಬೆಲ್ಲವನ್ನೋ ಅಡಕೆಯನ್ನೋ ಹೀಗೆ ಪಾಲು ಮಾಡಬಹುದು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದುದೂ ಇದಕ್ಕಾಗಿಯೇ.

1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಗಳಾದವು. (‘ನಯಾ’ ಎಂಬ ವಿಶೇಷಣವನ್ನು 1964ರಲ್ಲಿ ಕೈಬಿಡಲಾಯಿತು.) ಆಗ ಎದುರಾದ ತೊಡಕು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಒಂದು ಆಣೆಯೆಂದರೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯವಿಲ್ಲ. ಆದ್ದರಿಂದ ಒಂದು ಆಣೆಗೆ ಆರು ನಯಾಪೈಸೆ ಎಂದು ಎಣಿಸಿದರೆ, ಒಂದೊಂದೇ ಆಣೆಯ ನಾಲ್ಕು ವ್ಯವಹಾರಗಳಿಗೆ ಇಪ್ಪತ್ತನಾಲ್ಕು ನಯಾಪೈಸೆಯಾಯಿತು. ಒಟ್ಟಿಗೆ ನಾಲ್ಕಾಣೆಯ ವ್ಯವಹಾರವಾದರೆ ಇಪ್ಪತ್ತೈದು. ಒಂದೇ ಹಣ, ಎಣಿಸುವ ಕ್ರಮ ಬೇರೆಯಾದುದರಿಂದ ಎರಡು ಮೊತ್ತ. ಲೆಕ್ಕ ಮಾಡಿದವನ ಕಡೆ ತಪ್ಪಿಲ್ಲ. ಒಂದು ಪದ್ಧತಿಯ ಭಿನ್ನರಾಶಿಯನ್ನು ಮತ್ತೊಂದು ಪದ್ಧತಿಯ ನಾಣ್ಯಗಳಲ್ಲಿ ಪೂರ್ತಿಯಾಗಿ ಕೊಡಲಾಗದಿರುವುದೇ ಇಲ್ಲಿರುವ ಕಾರಣ.

ಗಣಕಯಂತ್ರದ ಒಳಗೆ ಇದೇ ತೊಡಕು ತಲೆಕೆಳಗಾಗಿ ನಿಂತಿದೆ. ಅದು ದ್ವಿಮಾನ ಪದ್ಧತಿಯ ಯಂತ್ರ. ಅದರ ಬಳಿ ಇರುವುದು ಅರೆ, ಕಾಲು, ಬೇಳೆ, ವೀಸಗಳ ನಾಣ್ಯಗಳು ಮಾತ್ರ. ವೀಸವನ್ನು ಕೊಟ್ಟರೆ ಅದು ಲವಲೇಶವೂ ವ್ಯತ್ಯಾಸವಿಲ್ಲದೆ ಇಟ್ಟುಕೊಳ್ಳುತ್ತದೆ. ಹತ್ತನೆಯ ಒಂದು ಭಾಗವನ್ನು ಕೊಟ್ಟರೆ ಇಟ್ಟುಕೊಳ್ಳಲು ಅದರ ಬಳಿ ಸರಿಯಾದ ನಾಣ್ಯವಿಲ್ಲ. ವೀಸವೊಂದು, ಅದರ ಅರ್ಧವೊಂದು, ನಡುವೆ ಎರಡು ಬಗೆ ಬಿಟ್ಟು ಮತ್ತೆ ಎರಡು, ಹೀಗೆ ಸಣ್ಣ ಸಣ್ಣ ನಾಣ್ಯಗಳನ್ನು ಎಷ್ಟು ಸೇರಿಸಿದರೂ 0.1 ಪೂರ್ಣವಾಗುವುದಿಲ್ಲ. ನಾವು ಮೂರನೆಯ ಒಂದು ಭಾಗವನ್ನು 0.3333 ಎಂದು ಎಷ್ಟು ಉದ್ದ ಬರೆದರೂ ಮುಗಿಯದಿರುವಂತೆಯೇ ಇದೂ. ನಮ್ಮ ಅಂಗಡಿಗಳ ಸಾದಾ ಕ್ಯಾಲ್ಕುಲೇಟರಿನಲ್ಲಿ ಒಂದನ್ನು ಮೂರರಿಂದ ಭಾಗಿಸಿ ಮತ್ತೆ ಮೂರರಿಂದ ಗುಣಿಸಿದರೆ 0.9999999 ಕಾಣುವುದನ್ನು ಬಹಳ ಮಂದಿ ನೋಡಿರಬಹುದು. ಆ ಪುಟ್ಟ ಯಂತ್ರ ಸಾಮಾನ್ಯವಾಗಿ ದಶಮಾನದಲ್ಲೇ ಎಣಿಸುವುದರಿಂದ ಅದಕ್ಕೆ 0.1 ತೊಡಕಲ್ಲ, ಮೂರನೆಯ ಒಂದು ಭಾಗವೇ ತೊಡಕು.

ಪರಿಣಾಮವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ವೀಸವನ್ನು ಹದಿನಾರು ಸಲ ಕೂಡಿಸಿದರೆ ಗಣಕ ನಿಖರವಾಗಿ 1 ಎನ್ನುತ್ತದೆ. 0.1ನ್ನು ಒಂದಾದ ಮೇಲೊಂದರಂತೆ ಹತ್ತು ಸಲ ಕೂಡಿಸಿದರೆ 0.9999999999999999 ಎನ್ನುತ್ತದೆ. ಹಳೆಯ ರೂಪಾಯಿ ಗಣಕಕ್ಕೆ ಹದಿನಾರಾಣೆ ಸತ್ಯ; ಹೊಸ ರೂಪಾಯಿ ಹಾಗಲ್ಲ.

ಬಿಂದು ತೇಲುವುದೆಂದರೆ

ಫ್ಲೋಟಿಂಗ್ ಪಾಯಿಂಟ್ ಎಂಬುದನ್ನು ಕನ್ನಡದಲ್ಲಿ ತೇಲುಬಿಂದು ಎನ್ನಬಹುದು. ಬೆಳಕಿನ ವೇಗದಂತಹ ದೊಡ್ಡ ಸಂಖ್ಯೆಯನ್ನೂ ಪರಮಾಣುವಿನ ತೂಕದಂತಹ ಸಣ್ಣ ಸಂಖ್ಯೆಯನ್ನೂ ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಇಡಬೇಕಾದರೆ ಬಿಂದುವಿನ ಸ್ಥಾನವನ್ನು ಒಂದೆಡೆ ನಿಲ್ಲಿಸುವಂತಿಲ್ಲ. ಆದ್ದರಿಂದ ಸಂಖ್ಯೆಯ ಮುಖ್ಯ ಅಂಕಿಗಳನ್ನು ಒಂದು ಕಡೆ, ಬಿಂದು ಎಲ್ಲಿದೆಯೆಂಬ ಮಾಹಿತಿಯನ್ನು ಇನ್ನೊಂದು ಕಡೆ ಬರೆದಿಡುತ್ತಾರೆ. ಒಂದು ಕಾಲಕ್ಕೆ ಪ್ರತಿಯೊಂದು ಕಂಪನಿಯ ಗಣಕವೂ ಇದನ್ನು ತನ್ನದೇ ರೀತಿಯಲ್ಲಿ ಮಾಡುತ್ತಿದ್ದು, ಒಂದರಲ್ಲಿ ಬಂದ ಉತ್ತರ ಇನ್ನೊಂದರಲ್ಲಿ ಬರುತ್ತಿರಲಿಲ್ಲ. 1985ರಲ್ಲಿ ಐಇಇಇ ಸಂಸ್ಥೆಯು 754 ಎಂಬ ಸಂಖ್ಯೆಯ ಮಾನಕವನ್ನು ಪ್ರಕಟಿಸಿದ ಮೇಲೆ ಈ ಅರಾಜಕತೆ ಬಹುಮಟ್ಟಿಗೆ ನಿಂತಿತು. ಇದರ ಹಿಂದಿದ್ದ ಮುಖ್ಯ ವ್ಯಕ್ತಿ ಬರ್ಕ್ಲಿಯ ಪ್ರಾಧ್ಯಾಪಕ ವಿಲಿಯಂ ಕಹಾನ್. ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈ ಮಾನಕದ ಅತ್ಯಂತ ರೂಢಿಯ ರೂಪದಲ್ಲಿ ಒಂದು ಸಂಖ್ಯೆಗೆ 64 ಬಿಟ್‌ಗಳು. ಒಂದು ಬಿಟ್ ಧನವೋ ಋಣವೋ ಎಂಬುದಕ್ಕೆ, ಹನ್ನೊಂದು ಬಿಂದುವಿನ ಸ್ಥಾನಕ್ಕೆ, ಉಳಿದ ಐವತ್ತೆರಡು ಅಂಕಿಗಳಿಗೆ. ಬರೆಯದೆಯೇ ಇದೆಯೆಂದು ಭಾವಿಸುವ ಮೊದಲ ಅಂಕಿಯೊಂದನ್ನು ಸೇರಿಸಿ ಐವತ್ತಮೂರು ದ್ವಿಮಾನ ಅಂಕಿಗಳಾಗುತ್ತವೆ. ನಮ್ಮ ಎಣಿಕೆಯಲ್ಲಿ ಇದು ಹದಿನೈದರಿಂದ ಹದಿನೇಳು ಅಂಕಿ. ಮೂರು ನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯನ್ನಾದರೂ ಈ ಪೆಟ್ಟಿಗೆ ಸ್ವೀಕರಿಸುತ್ತದೆ, ಆದರೆ ನೆನಪಿಡುವುದು ಮೊದಲ ಹದಿನಾರನ್ನು ಮಾತ್ರ. ಸಾಮಾನ್ಯ ಬಳಕೆದಾರರು ಎಡವುವುದು ಇಲ್ಲಿಯೇ. ಸಂಖ್ಯೆಯನ್ನು ತಂತ್ರಾಂಶ ತಕರಾರಿಲ್ಲದೆ ತೆಗೆದುಕೊಂಡಿತೆಂದರೆ ಪೂರ್ತಿಯಾಗಿ ಇಟ್ಟುಕೊಂಡಿದೆಯೆಂದು ಅವರು ತಿಳಿಯುತ್ತಾರೆ.

ಶಕುಂತಲಾ ದೇವಿಯವರ ಎರಡು ಲೆಕ್ಕಗಳು

ಈ ಮಾತಿಗೆ ನಮ್ಮ ನಾಡಿನಲ್ಲೇ ಒಳ್ಳೆಯ ನಿದರ್ಶನವಿದೆ. 1929ರಲ್ಲಿ ಬೆಂಗಳೂರಿನ ಕನ್ನಡ ಕುಟುಂಬವೊಂದರಲ್ಲಿ ಹುಟ್ಟಿ, ‘ಮಾನವ ಗಣಕ’ವೆಂದು ಜಗತ್ತಿನಾದ್ಯಂತ ಹೆಸರಾಗಿ, 2013ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು. 7,686,369,774,870 ಮತ್ತು 2,465,099,745,779 ಆ ಸಂಖ್ಯೆಗಳು. ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಅವರು ಕೊಟ್ಟ ಉತ್ತರ 18,947,668,177,995,426,462,773,730. ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಇದು ಸೇರಿದೆ.

ಇದೇ ಗುಣಾಕಾರವನ್ನು ಎಕ್ಸೆಲ್ ಹಾಳೆಯಲ್ಲಿ ಮಾಡಿ, ಎಲ್ಲ ಅಂಕಿಗಳನ್ನೂ ತೋರಿಸೆಂದು ಕೇಳಿದರೆ ಬರುವ ಉತ್ತರ 18,947,668,177,995,400,000,000,000. ಕೊನೆಯ ಹನ್ನೊಂದು ಅಂಕಿಗಳು ಸೊನ್ನೆಗಳಾಗಿವೆ. ಗುಣಿಸಬೇಕಾದ ಎರಡು ಸಂಖ್ಯೆಗಳೂ ಹದಿಮೂರೇ ಅಂಕಿಗಳವಾದ್ದರಿಂದ ಅವು ಒಳಗೆ ನಿಖರವಾಗಿಯೇ ಇವೆ. ಗುಣಲಬ್ಧಕ್ಕೆ ಮಾತ್ರ ಇಪ್ಪತ್ತಾರು ಅಂಕಿಗಳು ಬೇಕು, ಪೆಟ್ಟಿಗೆಯಲ್ಲಿ ಅಷ್ಟು ಜಾಗವಿಲ್ಲ. ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ತೇಲುಬಿಂದು ಪದ್ಧತಿಯಲ್ಲಿ ಒಂದಕ್ಕೂ ಅದರ ಮುಂದಿನದಕ್ಕೂ ಇರುವ ಅಂತರ 2,14,74,83,648. ಅಂದರೆ ಇನ್ನೂರ ಹದಿನಾಲ್ಕು ಕೋಟಿಗೂ ಹೆಚ್ಚು. ನಡುವಣ ಯಾವ ಸಂಖ್ಯೆಯೂ ಆ ಪದ್ಧತಿಯ ಪಾಲಿಗೆ ಇಲ್ಲವೇ ಇಲ್ಲ.

ಪೈಥಾನ್ ಭಾಷೆಯಲ್ಲಾಗಲಿ ಮ್ಯಾಕ್ಸಿಮಾ ಎಂಬ ಉಚಿತ ಗಣಿತ ತಂತ್ರಾಂಶದಲ್ಲಾಗಲಿ ಇವೇ ಎರಡು ಸಂಖ್ಯೆಗಳನ್ನು ಪೂರ್ಣಾಂಕಗಳಾಗಿ ಬರೆದು ಗುಣಿಸಿದರೆ ಶಕುಂತಲಾ ದೇವಿಯವರ ಉತ್ತರವೇ ಕೊನೆಯ ಅಂಕಿಯವರೆಗೂ ಬರುತ್ತದೆ. ಏಕೆಂದರೆ ಪೂರ್ಣಾಂಕಗಳಿಗೆ ಅವು ಬೇಕಾದಷ್ಟು ಜಾಗವನ್ನು ಒದಗಿಸಿಕೊಳ್ಳುತ್ತವೆ. ಆದರೆ ಮೊದಲ ಸಂಖ್ಯೆಯ ಕೊನೆಯಲ್ಲಿ ಒಂದು ಚುಕ್ಕಿ ಇಟ್ಟು ಸೊನ್ನೆ ಬರೆದರೆ ಸಾಕು, ಲೆಕ್ಕವೆಲ್ಲ ತೇಲುಬಿಂದುವಿಗೆ ತಿರುಗಿ ಕೊನೆಯ ಅಂಕಿಗಳು ಕೈತಪ್ಪುತ್ತವೆ. ಗಣಿತದಲ್ಲಿ 5 ಎಂದರೂ 5.0 ಎಂದರೂ ಒಂದೇ. ಗಣಿತದ ತಂತ್ರಾಂಶದಲ್ಲಿ ಹಾಗಲ್ಲ. ಚುಕ್ಕಿಯಿಲ್ಲದ್ದು ‘ನಿಖರ’ವೆಂದೂ ಚುಕ್ಕಿಯಿದ್ದುದು ‘ಸುಮಾರು’ ಎಂದೂ ಅದು ಅರ್ಥಮಾಡಿಕೊಳ್ಳುತ್ತದೆ. ಈ ಒಂದು ನಿಯಮವನ್ನು ಹೊಸ ಬಳಕೆದಾರರಿಗೆ ಮೊದಲ ದಿನವೇ ಯಾರೂ ಹೇಳಿಕೊಡದಿರುವುದು ಆಶ್ಚರ್ಯದ ಸಂಗತಿ.

ಇನ್ನೊಂದು ಲೆಕ್ಕ 1977ರದು. ಅಮೆರಿಕೆಯ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಅವರು ಐವತ್ತು ಸೆಕೆಂಡುಗಳಲ್ಲಿ ಹೇಳಿದರು. ಉತ್ತರ 546372891. ನೋಡುವುದಕ್ಕೆ ಇದು ಗುಣಾಕಾರಕ್ಕಿಂತ ಬಹಳ ಕಠಿಣವಾದ ಲೆಕ್ಕ. ತೇಲುಬಿಂದುವಿಗೆ ಮಾತ್ರ ಇದೇ ಸುಲಭ! ಗಣಕ ಆ 201 ಅಂಕಿಗಳಲ್ಲಿ ಸುಮಾರು 185ನ್ನು ಕೈಬಿಟ್ಟರೂ ಮೂಲ ಸರಿಯಾಗಿಯೇ ಬರುತ್ತದೆ, ಹೆಚ್ಚೆಂದರೆ ಬಿಂದುವಿನ ಆಚೆ ಹಲವು ಸೊನ್ನೆಗಳ ಬಳಿಕ ಒಂದು ಪುಟ್ಟ ಬಾಲ ಉಳಿದೀತು. ಕಾರಣ, ಮೂಲದಲ್ಲಿ ಒಂದರ ವ್ಯತ್ಯಾಸವಾದರೆ ಮೂಲಸಂಖ್ಯೆಯ ಎಂಟನೆಯ ಒಂಬತ್ತನೆಯ ಅಂಕಿಯಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಮೂಲವು ಪೂರ್ಣಾಂಕವೆಂದು ಗೊತ್ತಿದ್ದರೆ ಮೊದಲ ಹತ್ತು ಅಂಕಿಗಳಿಂದಲೇ ಅದನ್ನು ನಿರ್ಧರಿಸಬಹುದು. ಕೆಲವು ಲೆಕ್ಕಗಳು ಸಣ್ಣ ದೋಷವನ್ನು ನುಂಗಿಹಾಕುತ್ತವೆ, ಕೆಲವು ಅದನ್ನು ಎತ್ತಿ ತೋರಿಸುತ್ತವೆ. ತೇಲುಬಿಂದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಲೆಕ್ಕವನ್ನು ಬಿಟ್ಟು ಉತ್ತರ ಹೇಳುವಂತಿಲ್ಲ.

ಎತ್ತಿ ತೋರಿಸುವ ಲೆಕ್ಕಗಳಲ್ಲಿ ಮುಖ್ಯವಾದುದು ಹೆಚ್ಚುಕಡಿಮೆ ಸಮವಾದ ಎರಡು ಸಂಖ್ಯೆಗಳ ವ್ಯವಕಲನ. 1000.10ರಿಂದ 1000ವನ್ನು ಕಳೆದರೆ ಹತ್ತು ಪೈಸೆ ಉಳಿಯಬೇಕು. ಉಳಿಯುವುದು 0.10000000000002274. ಒಂದು ಸಾವಿರದ ಪಕ್ಕದಲ್ಲಿ ಹತ್ತು ಪೈಸೆಯನ್ನು ಬರೆಯುವಾಗ ಪೆಟ್ಟಿಗೆಯ ಜಾಗದಲ್ಲಿ ಒಂದಷ್ಟನ್ನು ಸಾವಿರವೇ ಆಕ್ರಮಿಸುತ್ತದೆ. ಸಾವಿರವನ್ನು ತೆಗೆದ ಮೇಲೆ, ಆ ವರೆಗೆ ಅಡಗಿದ್ದ ಹರಕು ಅಂಚು ಕಣ್ಣಿಗೆ ಬೀಳುತ್ತದೆ. ಕೂಡುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. 0.1, 0.2, 0.3 ಎಂಬ ಮೂರನ್ನು ಎಡದಿಂದ ಕೂಡಿಸುತ್ತ ಬಂದರೆ 0.6000000000000001, ಕೊನೆಯ ಎರಡನ್ನು ಮೊದಲು ಕೂಡಿಸಿದರೆ 0.6. ಖರ್ಚಿನ ಪಟ್ಟಿಯನ್ನು ಮೇಲಿನಿಂದ ಕೂಡಿಸಿದ ಮೊತ್ತವೂ ಕೆಳಗಿನಿಂದ ಕೂಡಿಸಿದ ಮೊತ್ತವೂ ತಾಳೆಯಾಗುತ್ತಿಲ್ಲವೆಂದು ಖಜಾಂಚಿಗಳು ತಲೆ ಕೆರೆದುಕೊಳ್ಳುವುದಕ್ಕೆ ಕೆಲವೊಮ್ಮೆ ಇದೇ ಕಾರಣ.

ತೋರಿಕೆಯ ರೂಪ, ನಿಜರೂಪ

ಇಷ್ಟೆಲ್ಲ ಇದ್ದರೂ ದಿನನಿತ್ಯದ ಬಳಕೆಯಲ್ಲಿ ಈ ಬಾಲಗಳು ನಮಗೇಕೆ ಕಾಣುವುದಿಲ್ಲ? ವಿಶಾಖಪಟ್ಟಣದ ಸಮೀಪದ ಸಿಂಹಾಚಲಕ್ಕೆ ಹೋಗಿಬಂದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ವರಾಹ ನರಸಿಂಹನ ಮೂರ್ತಿ ವರ್ಷವಿಡೀ ಗಂಧದ ಲೇಪನದಲ್ಲಿ ಮುಚ್ಚಿದ್ದು ಲಿಂಗಾಕಾರವಾಗಿ ಕಾಣುತ್ತದೆ. ನಿಜರೂಪ ದರ್ಶನ ವೈಶಾಖ ಮಾಸದ ಅಕ್ಷಯ ತೃತೀಯೆಯ ಒಂದು ದಿನ ಮಾತ್ರ. ತಂತ್ರಾಂಶಗಳೂ ಸಂಖ್ಯೆಗಳಿಗೆ ಒಂದು ಲೇಪನ ಮಾಡುತ್ತವೆ. ಮ್ಯಾಟ್‌ಲ್ಯಾಬ್ ಸಾಮಾನ್ಯವಾಗಿ ನಾಲ್ಕು ದಶಮಾಂಶಗಳನ್ನಷ್ಟೇ ತೋರಿಸಿ 0.3000 ಎನ್ನುತ್ತದೆ. ಎಕ್ಸೆಲ್ ಹದಿನೈದು ಅಂಕಿಗಳನ್ನು ಮೀರಿ ತೋರಿಸುವುದೇ ಇಲ್ಲ. ನಾವು 0.1 ಎಂದು ಬರೆದದ್ದು ಒಳಗೆ ಇರುವ ನಿಜರೂಪ ಇದು: 0.1000000000000000055511151231257827021181583404541015625. ಪೈಥಾನಿನಲ್ಲಿ ಇದನ್ನು ಭಿನ್ನರಾಶಿಯಾಗಿ ಕೇಳಿದರೆ 3602879701896397/36028797018963968 ಎಂಬ ಉತ್ತರ ಬರುತ್ತದೆ. ಕೆಳಗಿನ ಸಂಖ್ಯೆ ಎರಡರ ಐವತ್ತೈದನೆಯ ಘಾತ. ಅರೆ, ಕಾಲು, ವೀಸ, ಕಾಣಿಗಳ ವಂಶದ್ದೇ.

ಮೊದಲು ಹೇಳಿದ ಪೈ ಕೋನದ ಲೆಕ್ಕವೂ ಈಗ ಬಿಡಿಸಿಕೊಳ್ಳುತ್ತದೆ. ಗಣಕದಲ್ಲಿ ಇರುವುದು ಪೈ ಅಲ್ಲ, ಪೈಗಿಂತ ತುಸು ಚಿಕ್ಕದಾದ ನೆರೆಯ ಸಂಖ್ಯೆ. ಎಷ್ಟು ಚಿಕ್ಕದೆಂದರೆ 0.00000000000000012246ರಷ್ಟು. ಆ ನೆರೆಯ ಸಂಖ್ಯೆಯ ಸೈನ್ ಬೆಲೆ ನಿಜಕ್ಕೂ ಅಷ್ಟೇ. ತಂತ್ರಾಂಶ ತಪ್ಪದೆ ಲೆಕ್ಕ ಹಾಕಿದೆ. ತನ್ನ ಬಳಿಯಿದ್ದ ಪೈ ಎಷ್ಟು ಕೊರೆಯುಳ್ಳದ್ದು ಎಂಬುದನ್ನು ನಮಗೆ ತಿಳಿಸಿಯೂ ಇದೆ.

ಲೇಪನ ಕೆಲವೊಮ್ಮೆ ಗೊಂದಲವನ್ನು ಹೆಚ್ಚಿಸುತ್ತದೆ. ಎಕ್ಸೆಲ್ಲಿನಲ್ಲಿ (4/3 − 1) × 3 − 1 ಎಂದು ಸೂತ್ರ ಬರೆದರೆ ಉತ್ತರ ಸೊನ್ನೆ. ಅದೇ ಸೂತ್ರದ ಸುತ್ತ ಇನ್ನೊಂದು ಜೊತೆ ಆವರಣ ಹಾಕಿದರೆ ಸೊನ್ನೆಯ ಬದಲು ಅತ್ಯಲ್ಪವಾದ ಋಣಸಂಖ್ಯೆಯೊಂದು ಪ್ರತ್ಯಕ್ಷವಾಗುತ್ತದೆ. ಕೊನೆಯ ಕ್ರಿಯೆ ವ್ಯವಕಲನವಾಗಿದ್ದು ಉಳಿಕೆ ಸೊನ್ನೆಗೆ ತೀರ ಹತ್ತಿರವಾಗಿದ್ದರೆ ಅದನ್ನು ಸೊನ್ನೆಯೆಂದೇ ಮಾಡಿಬಿಡುವ ಉಪಾಯವನ್ನು ಎಕ್ಸೆಲ್ ಅನುಸರಿಸುತ್ತದೆ. ಹೊರಗಿನ ಆವರಣ ಆ ಉಪಾಯವನ್ನು ತಡೆಯುತ್ತದೆ. ಆವರಣ ಹಾಕಿದ್ದಕ್ಕೆ ಉತ್ತರ ಬದಲಾಗುವುದನ್ನು ಕಹಾನ್ ಅವರೇ ಎತ್ತಿ ತೋರಿಸಿ ಟೀಕಿಸಿದ್ದಾರೆ. ಬಳಕೆದಾರರನ್ನು ಗಾಬರಿಗೊಳಿಸಬಾರದೆಂಬ ಸದುದ್ದೇಶದಿಂದ ಮಾಡಿದ ಏರ್ಪಾಡು ಇನ್ನಷ್ಟು ಗಾಬರಿಗೊಳಿಸುವುದು ಹೀಗೆ. ಮ್ಯಾಥಮ್ಯಾಟಿಕಾ ಸಮವೇ ಎಂಬ ಪ್ರಶ್ನೆಗೆ ‘ಹೌದು’ ಎಂದುದರ ಹಿಂದೆಯೂ ಇಂತಹುದೇ ಔದಾರ್ಯವಿದೆ. ಕೊನೆಯ ಏಳು ದ್ವಿಮಾನ ಅಂಕಿಗಳ ವ್ಯತ್ಯಾಸವನ್ನು ಅದು ಲೆಕ್ಕಿಸುವುದಿಲ್ಲ.

ಲೇಪನವೇ ಕೆಟ್ಟ ಪ್ರಸಂಗವೂ ಒಂದುಂಟು. 2007ರ ಎಕ್ಸೆಲ್ ಆವೃತ್ತಿಯಲ್ಲಿ 850ನ್ನು 77.1ರಿಂದ ಗುಣಿಸಿದರೆ 65535ರ ಬದಲು 100000 ಎಂದು ಕಾಣುತ್ತಿತ್ತು. ಒಳಗಿದ್ದ ಸಂಖ್ಯೆ ಸರಿಯಾಗಿಯೇ ಇತ್ತು, ತೆರೆಯ ಮೇಲೆ ತೋರಿಸುವ ಭಾಗದಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅದನ್ನು ಕೆಲವೇ ವಾರಗಳಲ್ಲಿ ಸರಿಪಡಿಸಿತು. ಇದಕ್ಕೆ ವ್ಯತಿರಿಕ್ತವಾಗಿ 1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಪತ್ತೆಹಚ್ಚಿದ ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷ ನಿಜವಾದ ದೋಷ. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ 1.33374 ಬರುತ್ತಿತ್ತು. ಇಂಟೆಲ್ ಕಂಪನಿ ಚಿಪ್ಪುಗಳನ್ನು ಬದಲಿಸಿಕೊಡಬೇಕಾಯಿತು. ಹದಿನೇಳನೆಯ ಅಂಕಿಯಲ್ಲಿ ಕಂಡ ವ್ಯತ್ಯಾಸಕ್ಕೂ ಐದನೆಯ ಅಂಕಿಯಲ್ಲಿ ಕಂಡ ವ್ಯತ್ಯಾಸಕ್ಕೂ ಇರುವ ಭೇದವನ್ನು ಬಳಕೆದಾರರು ಗುರುತಿಸಬಲ್ಲವರಾಗಿರಬೇಕು.

ಮಹಾವೀರಾಚಾರ್ಯರ ಮಾರ್ಗ

ಹಾಗಾದರೆ ಸುಮಾರು ಲೆಕ್ಕವನ್ನು ಬಿಟ್ಟು ಭಿನ್ನರಾಶಿಗಳನ್ನು ಭಿನ್ನರಾಶಿಗಳಾಗಿಯೇ ಇಟ್ಟುಕೊಳ್ಳಬಾರದೇ? ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳಿಗೆ ವಿಸ್ತಾರವಾದ ಸ್ಥಾನವಿದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದುದರಿಂದ ಕನ್ನಡನಾಡಿನ ಈ ಗಣಿತ ಆಂಧ್ರದಲ್ಲಿಯೂ ಬೇರೂರಿತು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಮಹಾವೀರರು ‘ನಿರುದ್ಧ’ವೆಂದು ಕರೆದು, ಭಿನ್ನರಾಶಿಗಳನ್ನು ಅದರ ಮೂಲಕ ಕೂಡಿಸುವ ವಿಧಾನವನ್ನು ಹೇಳಿದ್ದಾರೆ. ಒಂದು ಎಂಬುದನ್ನು ಅಂಶ ಒಂದೇ ಆಗಿರುವ ಎಷ್ಟು ಬೇಕಾದರೂ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಸೂತ್ರವೂ ಅವರದಿದೆ. ನಾಲ್ಕು ಬೇಕೆಂದರೆ 1/2, 1/3, 1/9, 1/18. ಹದಿನೆಂಟನ್ನು ನಿರುದ್ಧವಾಗಿಟ್ಟು ಕೂಡಿಸಿದರೆ ಒಂಬತ್ತು, ಆರು, ಎರಡು, ಒಂದು ಸೇರಿ ಹದಿನೆಂಟಾಗಿ, ಒಂದು ಪೂರ್ಣವಾಯಿತು. ಬಾಲವಿಲ್ಲ, ಹರಕು ಅಂಚಿಲ್ಲ. ಈ ನಾಲ್ಕರಲ್ಲಿ ತೇಲುಬಿಂದು ಪದ್ಧತಿಯಲ್ಲಿ ನಿಖರವಾಗಿ ನಿಲ್ಲುವುದು ಮೊದಲನೆಯದು ಮಾತ್ರ.

ಮ್ಯಾಥಮ್ಯಾಟಿಕಾ, ಮ್ಯಾಕ್ಸಿಮಾ, ಸೇಜ್ ಮುಂತಾದ ಸಾಂಕೇತಿಕ ಗಣಿತದ ತಂತ್ರಾಂಶಗಳು 1/10 ಎಂದು ಬರೆದುದನ್ನು ಈ ಮಾರ್ಗದಲ್ಲೇ ನಡೆಸಿಕೊಳ್ಳುತ್ತವೆ. ಅವುಗಳಲ್ಲಿ 1/10 ಮತ್ತು 2/10ರ ಮೊತ್ತ 3/10. ಅಲ್ಲಿಯೇ 0.1 ಎಂದು ಬರೆದರೆ ಸಾಮಾನ್ಯವಾಗಿ ತೇಲುಬಿಂದುವೇ. ಮ್ಯಾಕ್ಸಿಮಾಕ್ಕೆ 0.1ನ್ನು ಭಿನ್ನರಾಶಿಯಾಗಿಸಲು ಹೇಳಿದರೆ ‘0.1ರ ಸ್ಥಾನದಲ್ಲಿ 1/10 ಇಡಲಾಗಿದೆ’ ಎಂಬ ಸೂಚನೆಯನ್ನು ಮುದ್ರಿಸುತ್ತದೆ. ಬಳಕೆದಾರನ ಮನಸ್ಸಿನಲ್ಲಿದ್ದುದನ್ನು ಊಹಿಸಿ, ಊಹಿಸಿದೆನೆಂದು ಬಾಯಿಬಿಟ್ಟು ಹೇಳುವ ಈ ಪದ್ಧತಿ ಎಕ್ಸೆಲ್ಲಿನ ಮೌನಕ್ಕಿಂತ ಮೇಲು ಎನ್ನಬೇಕು.

ನಿಖರತೆಗೆ ಬೆಲೆಯೂ ಇದೆ. ಒಂದರಿಂದ ಇಪ್ಪತ್ತರವರೆಗಿನ ಸಂಖ್ಯೆಗಳ ವಿಲೋಮಗಳನ್ನು, ಅಂದರೆ 1, 1/2, 1/3 ಎಂದು 1/20ರವರೆಗೆ ಕೂಡಿಸಿದರೆ ಬರುವುದು 55835135/15519504. ಇಪ್ಪತ್ತೇ ಪದಗಳಿಗೆ ಛೇದ ಒಂದೂವರೆ ಕೋಟಿ ದಾಟಿತು. ಹವಾಮಾನದ ಮುನ್ಸೂಚನೆಯಂತಹ ಕೋಟ್ಯಂತರ ಕ್ರಿಯೆಗಳ ಲೆಕ್ಕವನ್ನು ಹೀಗೆ ಮಾಡಹೊರಟರೆ ಛೇದಗಳು ಬೆಳೆಯುತ್ತ ಯಂತ್ರದ ನೆನಪೆಲ್ಲ ತುಂಬಿ, ನಾಳಿನ ಮಳೆಯ ಸುದ್ದಿ ಮಳೆ ನಿಂತ ಮೇಲೆ ಬಂದೀತು. ಅಳತೆಯಿಂದ ಬಂದ ಸಂಖ್ಯೆಗಳಲ್ಲಿ ನಾಲ್ಕೈದು ಅಂಕಿಗಳಷ್ಟೇ ನಂಬತಕ್ಕವು. ಅಂತಹ ಕಡೆ ಹದಿನಾರು ಅಂಕಿಗಳ ತೇಲುಬಿಂದು ಅಗತ್ಯಕ್ಕಿಂತ ಹೆಚ್ಚೇ ಆಯಿತು.

ಸಣ್ಣದು ಬೆಳೆದಾಗ

ಸಣ್ಣ ದೋಷ ಪ್ರತಿಸಲವೂ ಒಂದೇ ದಿಕ್ಕಿಗೆ ಬಿದ್ದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ 1982ರ ಜನವರಿಯಲ್ಲಿ 1000 ಅಂಶಗಳಿಂದ ಸೂಚ್ಯಂಕವೊಂದನ್ನು ಆರಂಭಿಸಿತು. ಪ್ರತಿ ವ್ಯವಹಾರದ ನಂತರ ಸೂಚ್ಯಂಕವನ್ನು ಲೆಕ್ಕಹಾಕಿ, ಮೂರು ದಶಮಾಂಶಗಳಾಚೆ ಉಳಿದದ್ದನ್ನು ಸಮೀಪದ ಸಂಖ್ಯೆಗೆ ಹೊಂದಿಸದೆ ಸುಮ್ಮನೆ ಕತ್ತರಿಸುತ್ತಿದ್ದರು. ದಿನಕ್ಕೆ ಸಾವಿರಾರು ಸಲ ಹೀಗಾಗಿ, 1983ರ ನವೆಂಬರ್ ವೇಳೆಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕಹಾಕಿದಾಗ ಬಂದದ್ದು 1098.892. ಏರಿದ್ದ ಮಾರುಕಟ್ಟೆ ಅರ್ಧಕ್ಕಿಳಿದಂತೆ ಇಪ್ಪತ್ತೆರಡು ತಿಂಗಳು ಕಂಡಿತ್ತು.

ಜೀವಹಾನಿಯಾದ ಪ್ರಕರಣ 1991ರ ಕೊಲ್ಲಿ ಯುದ್ಧದ್ದು. ಸೌದಿ ಅರೇಬಿಯಾದ ಧಹ್ರಾನಿನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಮತ್ತದೇ 0.1. ಇಪ್ಪತ್ತನಾಲ್ಕು ಬಿಟ್‌ಗಳಿಗೆ ಕತ್ತರಿಸಿಟ್ಟ ಆ 0.1ರಲ್ಲಿದ್ದ ಕೊರತೆ ಸೆಕೆಂಡಿನ ಒಂದು ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಯಂತ್ರ ನೂರು ಗಂಟೆ ನಿಲ್ಲದೆ ನಡೆದ ಮೇಲೆ ಅದು ಸೆಕೆಂಡಿನ ಮೂರನೆಯ ಒಂದು ಭಾಗವಾಗಿತ್ತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಫೆಬ್ರವರಿ 25ರಂದು ಬಂದ ಸ್ಕಡ್ಡನ್ನು ಪೇಟ್ರಿಯಟ್ ತಪ್ಪಾದ ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು. ಆ ವ್ಯವಸ್ಥೆಯಲ್ಲಿ ಕಾಲದ ಎಣಿಕೆಗೆ ಬಳಸಿದ್ದುದು ಸ್ಥಿರಬಿಂದು ಪದ್ಧತಿಯೇ ಹೊರತು ತೇಲುಬಿಂದುವಲ್ಲ ಎಂಬುದನ್ನು ಹೇಳದಿದ್ದರೆ ಅಪಚಾರವಾದೀತು. ಮೂಲದ ತೊಡಕು ಮಾತ್ರ ಒಂದೇ: ದ್ವಿಮಾನದಲ್ಲಿ ಹತ್ತನೆಯ ಒಂದು ಭಾಗ ಮುಗಿಯುವುದಿಲ್ಲ.

ಮನೆಯ ಮತ್ತು ಸಂಘದ ಲೆಕ್ಕಕ್ಕೆ

ನಮ್ಮ ನಿಮ್ಮ ಲೆಕ್ಕಗಳಲ್ಲಿ ಇಷ್ಟು ಘೋರವಾದುದೇನೂ ನಡೆಯುವುದಿಲ್ಲ. ನಡೆಯುವುದು ಹೆಚ್ಚಾಗಿ ‘ತಾಳೆಯಾಗಿಲ್ಲ’ ಎಂಬ ಸುಳ್ಳು ಎಚ್ಚರಿಕೆ. ಜಮೆಯಿಂದ ಖರ್ಚು ಕಳೆದು ಉಳಿಕೆ ಸೊನ್ನೆಯೇ ಎಂದು ಪರೀಕ್ಷಿಸುವ ಸೂತ್ರ, ಕಣ್ಣಿಗೆ 0.00 ಕಾಣುತ್ತಿರುವಾಗಲೂ, ಅಲ್ಲವೆಂದು ಹೇಳಬಹುದು. ಇಂತಹ ಕಡೆ ಸಮವೇ ಎಂದು ಕೇಳದೆ, ವ್ಯತ್ಯಾಸ ಅರ್ಧ ಪೈಸೆಗಿಂತ ಕಡಿಮೆಯೇ ಎಂದು ಕೇಳಬೇಕು. ಅಥವಾ ಹೋಲಿಸುವ ಮೊದಲು ಎರಡು ದಶಮಾಂಶಗಳಿಗೆ ಸರಿಹೊಂದಿಸಬೇಕು. ಕೋಶದ ಅಲಂಕಾರವನ್ನು ಎರಡು ದಶಮಾಂಶಗಳಿಗೆ ಬದಲಿಸಿದರೆ ಸರಿಹೊಂದಿಸಿದಂತಾಗಲಿಲ್ಲ, ಅದು ಲೇಪನ ಮಾತ್ರ. ರೌಂಡ್ ಎಂಬ ಸೂತ್ರವನ್ನು ಬಳಸಿದರಷ್ಟೇ ಒಳಗಿನ ಸಂಖ್ಯೆ ಬದಲಾಗುತ್ತದೆ. ಅಲ್ಲಿಯೂ ತಂತ್ರಾಂಶಗಳಲ್ಲಿ ಒಮ್ಮತವಿಲ್ಲ. 2.675ನ್ನು ಎರಡು ದಶಮಾಂಶಗಳಿಗೆ ಹೊಂದಿಸಲು ಹೇಳಿದರೆ ಎಕ್ಸೆಲ್ 2.68 ಎನ್ನುತ್ತದೆ, ಪೈಥಾನ್ 2.67 ಎನ್ನುತ್ತದೆ. ಒಳಗಿರುವ ನಿಜರೂಪ 2.675ಕ್ಕಿಂತ ಲವಲೇಶ ಕಡಿಮೆಯಿರುವುದರಿಂದ ಪೈಥಾನಿನದು ಯಂತ್ರದ ದೃಷ್ಟಿಯಿಂದ ಸರಿ, ಎಕ್ಸೆಲ್ಲಿನದು ಅಂಗಡಿಯವರ ದೃಷ್ಟಿಯಿಂದ ಸರಿ.

ಹಣದ ತಂತ್ರಾಂಶ ಬರೆಯುವವರು ಹಿಂದಿನಿಂದಲೂ ಅನುಸರಿಸುತ್ತ ಬಂದ ಉಪಾಯ ಬಹಳ ಸರಳ: ರೂಪಾಯಿಗಳಲ್ಲಿ ಎಣಿಸದೆ ಪೈಸೆಗಳಲ್ಲಿ ಎಣಿಸುವುದು. 1000.10 ರೂಪಾಯಿ ಎಂಬುದು 1,00,010 ಪೈಸೆ. ಪೂರ್ಣಾಂಕವಾದ್ದರಿಂದ ಯಾವ ತೊಡಕೂ ಇಲ್ಲ. ಹೀಗೆ ಎಣಿಸಿದರೆ 64 ಬಿಟ್‌ಗಳ ತೇಲುಬಿಂದುವೂ 9,00,71,99,25,47,40,992 ಪೈಸೆಗಳವರೆಗೆ ಒಂದು ಪೈಸೆಯನ್ನೂ ತಪ್ಪಿಸುವುದಿಲ್ಲ. ದತ್ತಸಂಚಯಗಳಲ್ಲಿ ದಶಮಾನ ರೂಪದ ಸಂಖ್ಯೆಗಳಿಗೆ ಬೇರೆ ಏರ್ಪಾಡಿದೆ. 2008ರ ಪರಿಷ್ಕರಣೆಯಲ್ಲಿ ಐಇಇಇ ಮಾನಕವೂ ದಶಮಾನ ತೇಲುಬಿಂದುವನ್ನು ಸೇರಿಸಿಕೊಂಡಿತು. ತೆರಿಗೆಯ ವಿಷಯದಲ್ಲಿ ಕಾನೂನೇ ನಿಯಮವನ್ನು ಹೇಳಿಬಿಟ್ಟಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 170ನೆಯ ಪ್ರಕರಣದಂತೆ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ಹೊಂದಿಸಬೇಕು. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಬಿಟ್ಟುಬಿಡಬೇಕು.

ಇನ್ನೊಂದು ಅಪಾಯ ಲೆಕ್ಕವೇ ಅಲ್ಲದ ಸಂಖ್ಯೆಗಳದು. ಸದಸ್ಯರ ಪಟ್ಟಿಯಲ್ಲಿ ಬ್ಯಾಂಕ್ ಕಾರ್ಡಿನ ಹದಿನಾರು ಅಂಕಿಗಳನ್ನೋ ಅದಕ್ಕಿಂತ ಉದ್ದವಾದ ಖಾತೆಯ ಸಂಖ್ಯೆಯನ್ನೋ ಎಕ್ಸೆಲ್ ಕೋಶದಲ್ಲಿ ಹಾಗೆಯೇ ಬೆರಳಚ್ಚಿಸಿದರೆ ಹದಿನೈದನೆಯದರ ನಂತರದ ಅಂಕಿಗಳು ಸೊನ್ನೆಗಳಾಗುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಾಳೆಯನ್ನು ಉಳಿಸಿ ಮುಚ್ಚಿದ ಮೇಲೆ ಕಳೆದ ಅಂಕಿಗಳನ್ನು ಮರಳಿ ಪಡೆಯುವ ದಾರಿಯೂ ಇಲ್ಲ. ಆಧಾರ್ ಸಂಖ್ಯೆ ಹನ್ನೆರಡೇ ಅಂಕಿಗಳದ್ದಾದ್ದರಿಂದ ಈ ಕಾಟದಿಂದ ಪಾರಾಗಿದೆ. ಉಳಿದವುಗಳನ್ನು ತುಂಬುವ ಮೊದಲು ಆ ಕಂಬಸಾಲನ್ನು ‘ಟೆಕ್ಸ್ಟ್’ ಎಂದು ಗುರುತಿಸಬೇಕು, ಇಲ್ಲವೇ ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆಯೊಂದನ್ನು ಇಡಬೇಕು.